ಪಾಂಟಿಯಾಕ್ ಜಿಟಿಒ ಹುಟ್ಟಿದ ಕಥೆಯಲ್ಲಿ ಡಿಲೋರಿಯನ್ ಪಾಲೆಷ್ಟು?

ಹಳೇಗಾಡಿ:

ಹೋದ ವಾರ ಟೈರ್ ಬಗ್ಗೆ ಮಾತು ನಡೆಯುತ್ತಿದ್ದ ಎಳೆಯಲ್ಲಿ ಯಾರೋ ಒಬ್ಬರು "ಅಮೆರಿಕದ ಮಸಲ್ ಕಾರ್ ಕಂಡುಹಿಡಿದಿದ್ದೇ ಜಾನ್ ಡಿಲೋರಿಯನ್" ಅಂತ ಒಂದು ಸಾಲು ಬರೆದು ಹೋಗಿದ್ದರು. ಮಸಲ್ ಕಾರ್ ಅಂದರೆ ಮಧ್ಯಮ ಗಾತ್ರದ ಗಾಡಿಗೆ ದೊಡ್ಡ ಕಾರಿನ ಎಂಜಿನ್ ಹಾಕಿದ್ದು. ಅಲ್ಲೇ ಜಗಳ ತೆಗೆಯುವುದು ಬೇಡ ಅಂತ ಇಲ್ಲಿ ಬೇರೆ ಎಳೆ ಶುರು ಮಾಡಿದ್ದೇನೆ.

ನನ್ನ ವಾದ ಇಷ್ಟೇ. ಡಿಲೋರಿಯನ್ ಏನನ್ನೂ ಕಂಡುಹಿಡಿಯಲಿಲ್ಲ. ದೊಡ್ಡ ಎಂಜಿನ್ ಮೊದಲೇ ಇತ್ತು. ಅದನ್ನು ಚಿಕ್ಕ ಕಾರಿಗೆ ಕೂರಿಸಬಹುದು ಅನ್ನುವ ಮಾತೂ ಮೊದಲು ಅವರ ಬಾಯಿಂದ ಬಂದಿದ್ದಲ್ಲ. ಆದರೂ ಅವರಿಲ್ಲದಿದ್ದರೆ, ಆ ಜಾತಿಯ ಮೊದಲ ಕಾರು ಅಂತ ಹೆಸರಾದ ಪಾಂಟಿಯಾಕ್ ಜಿಟಿಒ ಷೋರೂಮ್‌ಗೆ ಬರುತ್ತಿರಲಿಲ್ಲ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1961ರಿಂದ ಡಿಲೋರಿಯನ್ ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್. ಪಾಂಟಿಯಾಕ್ ಅಂದರೆ ಜನರಲ್ ಮೋಟರ್ಸ್‌ನ ಒಂದು ವಿಭಾಗ. ಆಗ ಅದರ ಹೆಸರೆಲ್ಲ ನಿಂತಿದ್ದದ್ದು ರೇಸಿನ ಮೇಲೆ. ನ್ಯಾಸ್ಕಾರ್ ಅನ್ನುವ ಅಮೆರಿಕದ ಕಾರ್ ರೇಸ್ ಸರಣಿಯ 1961ರ ಸೀಸನ್ನಿನ 52 ರೇಸುಗಳಲ್ಲಿ 30 ಗೆದ್ದಿದ್ದು ಪಾಂಟಿಯಾಕ್ ಕಾರುಗಳು. ಹೀಗಿರುವಾಗ 1963ರ ಜನವರಿಯಲ್ಲಿ ಮೇಲಿನಿಂದ ಆದೇಶ ಬಂತು. ಜನರಲ್ ಮೋಟರ್ಸ್‌ನ ಯಾವ ವಿಭಾಗವೂ ಇನ್ನು ಮುಂದೆ ರೇಸಿಗೆ ಕೈ ಹಾಕುವಂತಿಲ್ಲ. ಒಂದೇ ಕಾಗದದಲ್ಲಿ ಪಾಂಟಿಯಾಕ್‌ನ ಜಾಹೀರಾತೆಲ್ಲ ಮುಗಿದುಹೋಯಿತು.

ಮಿಶಿಗನ್ನಿನ ಮಿಲ್ಫರ್ಡ್‌ನಲ್ಲಿ ಕಂಪನಿಯ ಪರೀಕ್ಷಾ ಮೈದಾನ ಇದೆ. ಶನಿವಾರಗಳಲ್ಲಿ ಡಿಲೋರಿಯನ್ ತನ್ನ ಎಂಜಿನಿಯರುಗಳ ಜೊತೆ ಅಲ್ಲಿ ಸೇರುತ್ತಿದ್ದರು. ಹಾಗೆ ಸೇರಿದ್ದ ಒಂದು ದಿನ 1964ರ ಮಾಡೆಲ್ಲಿನ ಟೆಂಪೆಸ್ಟ್, ಅಂದರೆ ಪಾಂಟಿಯಾಕ್‌ನ ಮಧ್ಯಮ ಗಾತ್ರದ ಕಾರನ್ನು ಲಿಫ್ಟ್ ಮೇಲೆ ಏರಿಸಿ ಕೆಳಗೆ ನಿಂತು ನೋಡುತ್ತಿದ್ದಾರೆ. ಅದರಲ್ಲಿ ಇದ್ದದ್ದು 326 ಕ್ಯೂಬಿಕ್ ಇಂಚಿನ, ಎಂಟು ಸಿಲಿಂಡರಿನ ವಿ8 ಎಂಜಿನ್, ಅಂದರೆ ಸುಮಾರು 5.3 ಲೀಟರ್. ಆಗ ಬಿಲ್ ಕಾಲಿನ್ಸ್ ಅನ್ನುವ ಎಂಜಿನಿಯರ್ ಒಂದು ಮಾತು ತೆಗೆದರು. ದೊಡ್ಡ ಪಾಂಟಿಯಾಕ್‌ಗಳಿಗೆ ಹಾಕುವ 389 ಎಂಜಿನ್ನಿಗೂ ಇದಕ್ಕೂ ಹೊರಗಿನ ಅಳತೆ ಒಂದೇ. ಮೌಂಟಿಂಗ್ ಕೂಡ ಅದೇ. ಬಿಚ್ಚಿ ಹಾಕಿದರೆ ಕೂತುಬಿಡುತ್ತೆ. ಎಂಜಿನ್ ಕೆಲಸ ಗೊತ್ತಿದ್ದ ರಸೆಲ್ ಗೀ ಪಕ್ಕದಲ್ಲೇ ಇದ್ದರು. ಡಿಲೋರಿಯನ್ ಹೂಂ ಅಂದರು. ಕೆಲವೇ ದಿನಗಳಲ್ಲಿ ಆ ಕಾರಿನೊಳಗೆ 6.4 ಲೀಟರ್ ಎಂಜಿನ್ ಕೂತಿತ್ತು.

ಇಲ್ಲಿವರೆಗೂ ಇದು ಯಾವ ಒಳ್ಳೆಯ ಗ್ಯಾರೇಜಿನಲ್ಲೂ ಆಗಬಹುದಾದ ಕೆಲಸ. ತೊಡಕು ಇದ್ದದ್ದು ಕಂಪನಿಯ ನಿಯಮದಲ್ಲಿ. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕುವಂತಿಲ್ಲ ಅಂತ ಬರೆದಿಟ್ಟಿದ್ದರು. ಹೊಸ ಮಾಡೆಲ್ ತರಬೇಕು ಅಂದರೆ ಅದು ಮೇಲಿನ ಸಮಿತಿಯ ಮುಂದೆ ಹೋಗಬೇಕು, ಅವರು ಕಣ್ಣು ಮುಚ್ಚಿ ಬೇಡ ಅನ್ನುತ್ತಾರೆ. ಆದರೆ ಇರುವ ಮಾಡೆಲ್‌ಗೆ ಒಂದು ಆಪ್ಷನ್ ಸೇರಿಸಲು ಆ ಸಮಿತಿಯನ್ನು ಕೇಳಬೇಕಾಗಿರಲಿಲ್ಲ. ಹೋಟೆಲಿನ ಮೆನುಗೆ ಹೊಸ ಊಟ ಸೇರಿಸಬೇಕಾದರೆ ಮಾಲೀಕರನ್ನು ಕೇಳಬೇಕು, ಎಕ್ಸ್‌ಟ್ರಾ ಹಪ್ಪಳಕ್ಕೆ ಯಾರನ್ನೂ ಕೇಳಬೇಕಿಲ್ಲ ಅಲ್ವಾ? ಹಾಗೆ. ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ಸುಮಾರು 296 ಡಾಲರಿನ ಒಂದು ಆಪ್ಷನ್ ಪ್ಯಾಕೇಜ್ ಅಂತ ಜಿಟಿಒ ಹೊರಗೆ ಬಂತು. ಹೆಸರನ್ನು ಫೆರಾರಿಯ ಜಿಟಿಒ ಅನ್ನುವ ರೇಸ್ ಕಾರಿನಿಂದ ಎತ್ತಿಕೊಂಡಿದ್ದು ಡಿಲೋರಿಯನ್ನೇ. ಅದಕ್ಕೆ ಯುರೋಪಿನ ಕಾರುಪ್ರಿಯರು ಹಲ್ಲು ಕಡಿದರು.

ಹಾಗಾದರೆ ಡಿಲೋರಿಯನ್ ಅವರನ್ನು ಏನಂತ ಕರೆಯಬೇಕು? ನಿಮ್ಮ ಅಭಿಪ್ರಾಯ ಹೇಳಿ.

ಕಾರ್ಬುರೇಟರ್ ಕಿಟ್ಟಿ:

ಹಳೇಗಾಡಿ ಅವರೇ, ಕಥೆ ಚೆನ್ನಾಗಿದೆ. ಆದರೆ 1964ಕ್ಕೆ ಮುಂಚೆ ಅಮೆರಿಕದಲ್ಲಿ ಯಾರೂ ಜೋರಾಗಿ ಕಾರು ಓಡಿಸಿರಲೇ ಇಲ್ಲ ಅನ್ನುವ ಹಾಗಿದೆ.

1949ರಲ್ಲೇ ಜನರಲ್ ಮೋಟರ್ಸ್‌ನ ಇನ್ನೊಂದು ವಿಭಾಗ ಓಲ್ಡ್ಸ್‌ಮೊಬೈಲ್ ತನ್ನ ಹೊಸ 303 ಕ್ಯೂಬಿಕ್ ಇಂಚಿನ ಓವರ್‌ಹೆಡ್ ವಾಲ್ವ್ ವಿ8 ಎಂಜಿನ್ನನ್ನು ಚಿಕ್ಕ ಬಾಡಿಗೆ ಹಾಕಿ ರಾಕೆಟ್ 88 ಮಾಡಿತ್ತು. ದೊಡ್ಡ ಎಂಜಿನ್, ಹಗುರ ಗಾಡಿ. ಸೂತ್ರ ಅದೇ ತಾನೆ? 1955ರ ಕ್ರೈಸ್ಲರ್ ಸಿ-300 ಕಾರಿನಲ್ಲಿ 300 ಎಚ್‌ಪಿ ಇತ್ತು. ಹೆಸರಲ್ಲೇ ಬರೆದುಕೊಂಡಿದ್ದರು.

ಎಲ್ಲರೂ ಮರೆಯುವ ಇನ್ನೊಂದು ಕಾರು 1957ರ ರ‍್ಯಾಂಬ್ಲರ್ ರೆಬೆಲ್. ಅಮೆರಿಕನ್ ಮೋಟರ್ಸ್‌ನದ್ದು. 255 ಎಚ್‌ಪಿ ವಿ8. ಆ ವರ್ಷದ ಪತ್ರಿಕಾ ಪರೀಕ್ಷೆಯಲ್ಲಿ ಅಮೆರಿಕದ ಕಾರುಗಳ ಪೈಕಿ ಅದಕ್ಕಿಂತ ಮುಂದೆ ಹೋಗಿದ್ದು ಇಂಧನ ಇಂಜೆಕ್ಷನ್ ಇದ್ದ ಕಾರ್ವೆಟ್ ಒಂದೇ. ನೋಡುವುದಕ್ಕೆ ಮಾತ್ರ ಬ್ಯಾಂಕ್ ಮ್ಯಾನೇಜರ್ ಕಾರು. ಮಾಡಿದ್ದು 1500. ಅಷ್ಟಕ್ಕೇ ನಿಲ್ಲಿಸಿದರು.

ಹಾಗಾಗಿ ಮಸಲ್ ಕಾರಿನ ಅಪ್ಪನ ಪಟ್ಟ ಕೊಡುವುದಾದರೆ ರಾಕೆಟ್ 88ಗೆ ಕೊಡಿ.

ಹಳೇಗಾಡಿ:

ಕಿಟ್ಟಿ ಸರ್, ಇದು ಬರುತ್ತೆ ಅಂತ ಗೊತ್ತಿತ್ತು. :)

ಸೂತ್ರ ಹಳೆಯದು, ಒಪ್ಪುತ್ತೇನೆ. ಆದರೆ ಕೊಳ್ಳುವವರು ಯಾರು ಅಂತ ನೋಡಿ. ಸಿ-300 ಬೆಲೆ ನಾಲ್ಕು ಸಾವಿರ ಡಾಲರ್ ದಾಟುತ್ತಿತ್ತು. ಅದು ದುಡ್ಡಿದ್ದ ಮಧ್ಯವಯಸ್ಕರ ಗಾಡಿ. ಜಿಟಿಒ ಕೂಪೆ ಮೂರು ಸಾವಿರದ ಒಳಗೆ ಸಿಗುತ್ತಿತ್ತು. ಮಹಾಯುದ್ಧ ಮುಗಿದ ಮೇಲೆ, 1946ರ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳ ದೊಡ್ಡ ದಂಡು ಸರಿಯಾಗಿ ಆಗಲೇ ಲೈಸೆನ್ಸ್ ತೆಗೆದುಕೊಂಡು ಕೆಲಸಕ್ಕೆ ಸೇರುತ್ತಿತ್ತು. ಅವರಿಗೆ ಅಂತಲೇ ಕಟ್ಟಿದ, ಅವರ ಕೈಗೆಟುಕುವ ಕಾರು ಇದು.

ರೆಬೆಲ್ ಬಗ್ಗೆ ನೀವು ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತೆ. ಆ ಕಂಪನಿಯಲ್ಲೂ ಎಂಜಿನ್ ಇತ್ತು, ಹಗುರ ಬಾಡಿ ಇತ್ತು, ಜಾಣ ಎಂಜಿನಿಯರುಗಳೂ ಇದ್ದರು. ಆದರೆ ಮುಖ್ಯಸ್ಥ ಜಾರ್ಜ್ ರಾಮ್ನಿ ಅವರ ಒಲವೆಲ್ಲ ಚಿಕ್ಕ, ಪೆಟ್ರೋಲ್ ಉಳಿಸುವ ಕಾರುಗಳ ಕಡೆಗೆ. ಮೇಲೆ ಕೂತವರಿಗೆ ಬೇಡವಾದರೆ ಎಂಥ ಕಾರಾದರೂ 1500ಕ್ಕೇ ನಿಲ್ಲುತ್ತೆ.

ವುಡ್‌ವರ್ಡ್ ವಾಸು:

ನಮಸ್ಕಾರ. ನಾನು ಡೆಟ್ರಾಯಿಟ್ ಪಕ್ಕದಲ್ಲೇ ಇರೋದು. ಕಾರಿನ ಕೆಲಸಕ್ಕೇ ಬಂದು ಇಲ್ಲೇ ನೆಲೆ ನಿಂತ ಕನ್ನಡದವರಲ್ಲಿ ನಾನೂ ಒಬ್ಬ. ಇಲ್ಲಿ ವುಡ್‌ವರ್ಡ್ ಅವೆನ್ಯೂ ಅಂತ ಒಂದು ರಸ್ತೆ. ಡೆಟ್ರಾಯಿಟ್ ನದಿಯ ಹತ್ತಿರ ಶುರುವಾಗಿ ಪಾಂಟಿಯಾಕ್ ಊರಿನವರೆಗೂ ಹೋಗುತ್ತೆ. ಅರವತ್ತರ ದಶಕದಲ್ಲಿ ಹುಡುಗರು ರಾತ್ರಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಪಂದ್ಯ ಕಟ್ಟುತ್ತಿದ್ದದ್ದು ಇದೇ ರಸ್ತೆಯಲ್ಲಿ. ಕಂಪನಿಯ ಎಂಜಿನಿಯರುಗಳೂ ಕದ್ದುಮುಚ್ಚಿ ಬರುತ್ತಿದ್ದರು. 1995ರಿಂದ ಪ್ರತಿ ಆಗಸ್ಟ್‌ನಲ್ಲಿ ಹಳೇ ಕಾರುಗಳ ಮೆರವಣಿಗೆ ನಡೆಯುತ್ತೆ. ಅಲ್ಲಿ ಜಿಟಿಒ ನೋಡದೆ ಮನೆಗೆ ಬರುವುದೇ ಕಷ್ಟ.

ಒಂದು 1964ರ ಗಾಡಿಯನ್ನು ಹತ್ತಿರ ನಿಂತು ಸಾವಕಾಶವಾಗಿ ನೋಡಿದ್ದೇನೆ, ಹಾಗಾಗಿ ಹೇಳುತ್ತೇನೆ. ಮುಂದಿನ ಚಕ್ರದ ಹಿಂದೆ, ಫೆಂಡರ್ ಮೇಲೆ ಒಂದು ತ್ರಿಕೋನದ ಬ್ಯಾಡ್ಜ್ ಇದೆ. ಅದರಲ್ಲಿ "6.5 ಲೀಟರ್" ಅಂತ ಬರೆದಿದೆ. 389 ಕ್ಯೂಬಿಕ್ ಇಂಚನ್ನು ಲೆಕ್ಕ ಹಾಕಿದರೆ 6.37 ಬರುತ್ತೆ. ಕಂಪನಿಗೇ ಗೊತ್ತಾಗದ ಹಾಗೆ ಹುಟ್ಟಿದ ಕಾರು, ಬ್ಯಾಡ್ಜಿನಲ್ಲೂ ಒಂದಿಷ್ಟು ಸೇರಿಸಿಕೊಂಡಿದೆ. ಲೀಟರ್ ಲೆಕ್ಕ ಯಾಕೆ ಹಾಕಿದರು ಅಂದರೆ ಯುರೋಪಿನ ಕಾರಿನ ಹಾಗೆ ಕಾಣಬೇಕಿತ್ತು. ಬಾನೆಟ್ ಮೇಲೆ ಎರಡು ಗಾಳಿಯ ಬಾಯಿಗಳಿವೆ. ಬೆರಳು ಹಾಕಿದರೆ ಒಳಗೆ ಹೋಗಲ್ಲ, ಬರೀ ಅಲಂಕಾರ!

ಆದರೆ ಬಾನೆಟ್ ಎತ್ತಿದ ಮೇಲೆ ಮೋಸ ಇಲ್ಲ. ಆ ಗಾಡಿಯಲ್ಲಿ ಟ್ರೈ-ಪವರ್ ಇತ್ತು, ಅಂದರೆ ಸಾಲಾಗಿ ಮೂರು ರಾಚೆಸ್ಟರ್ ಕಾರ್ಬುರೇಟರ್. ಒಂದೊಂದರಲ್ಲೂ ಎರಡೆರಡು ಬ್ಯಾರಲ್, ಅಂದರೆ ಗಾಳಿ ಎಳೆದುಕೊಳ್ಳುವ ಕೊಳವೆ. ಮೆಲ್ಲಗೆ ಹೋಗುವಾಗ ನಡುವಿನದ್ದು ಮಾತ್ರ ಕೆಲಸ ಮಾಡುತ್ತೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆಚೀಚೆಯ ಎರಡೂ ವ್ಯಾಕ್ಯೂಮ್ ಮೂಲಕ ತೆರೆದುಕೊಳ್ಳುತ್ತವೆ. ಯಜಮಾನರು ನನಗಾಗಿ ನಿಂತಲ್ಲೇ ಒಮ್ಮೆ ರೇಸ್ ಕೊಟ್ಟರು. ಪೆಟ್ರೋಲ್ ವಾಸನೆ ಗಪ್ಪಂತ ಮುಖಕ್ಕೆ ಬಂತು. ಎಡಕ್ಕೂ ಬಲಕ್ಕೂ ಒಂದೊಂದು ಸೈಲೆನ್ಸರ್. ನೆಲ ಅದುರುತ್ತೆ ಅಂದರೆ ಉತ್ಪ್ರೇಕ್ಷೆ ಅಲ್ಲ.

ಒಂದೇ ಕಾರ್ಬುರೇಟರಿನ ಗಾಡಿಗೆ 325 ಎಚ್‌ಪಿ, ಟ್ರೈ-ಪವರ್‌ಗೆ 348. ಅದರ ಜೊತೆಗೆ ಗಟ್ಟಿ ಸ್ಪ್ರಿಂಗು, ಕೆಂಪು ಗೆರೆಯ ಟೈರು, ನೆಲದ ಮೇಲೆ ಹರ್ಸ್ಟ್ ಕಂಪನಿಯ ಗೇರ್ ಲಿವರ್. ಡಿಲೋರಿಯನ್ ತಂಡ ಎಂಜಿನ್ ಒಂದನ್ನೇ ಹಾಕಿ ಕೈತೊಳೆದುಕೊಳ್ಳಲಿಲ್ಲ. ಇಡೀ ಪ್ಯಾಕೇಜನ್ನು ಯೋಚಿಸಿ ಮಾಡಿದ್ದರು.

ಸುಮಾ ಬಿ:

ನಾನು ಕಾರು ಪಂಡಿತೆ ಅಲ್ಲ, ಓದುತ್ತಾ ಕೂತಿದ್ದೆ. ಒಂದು ಪ್ರಶ್ನೆ. ರೇಸಿನಿಂದ ಅಷ್ಟು ಹೆಸರು, ಅಷ್ಟು ವ್ಯಾಪಾರ ಬರುತ್ತಿದ್ದರೆ ಜನರಲ್ ಮೋಟರ್ಸ್ ತಾನಾಗಿಯೇ ಯಾಕೆ ನಿಲ್ಲಿಸಿತು? ಸುರಕ್ಷತೆಯ ಕಾಳಜಿನಾ?

ಲೆಕ್ಕದ ಮೇಷ್ಟ್ರು:

ಸುಮಾ ಅವರೇ, ಒಳ್ಳೆಯ ಪ್ರಶ್ನೆ. ಸುರಕ್ಷತೆ ಅನ್ನುವುದು ಹೊರಗಿನ ಮಾತು. ಒಳಗಿನ ಭಯ ಬೇರೆ ಇತ್ತು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆಗ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇವರದ್ದೇ. ಇನ್ನೂ ಬೆಳೆದರೆ ಏಕಸ್ವಾಮ್ಯ ಅಂತ ಸರ್ಕಾರ ಕೇಸು ಹಾಕಿ ಕಂಪನಿಯನ್ನು ಒಡೆಯಬಹುದು ಅನ್ನುವ ಅಳುಕು. ರೇಸ್ ಗೆದ್ದು ಇನ್ನಷ್ಟು ಕಾರು ಮಾರಿ ಸರ್ಕಾರದ ಕಣ್ಣಿಗೆ ಬೀಳುವುದಕ್ಕಿಂತ ತೆಪ್ಪಗಿರುವುದು ಮೇಲು ಅಂತ ಅಧ್ಯಕ್ಷ ಫ್ರೆಡರಿಕ್ ಡಾನರ್ ಮತ್ತು ಅವರ ಸುತ್ತಲಿನವರಿಗೆ ಅನ್ನಿಸಿತು. ಡಾನರ್ ಲೆಕ್ಕಪತ್ರದ ಕಡೆಯಿಂದ ಬಂದವರು, ಎಂಜಿನ್ ಕಡೆಯವರಲ್ಲ. (ನಾನೂ ಲೆಕ್ಕದವನೇ, ಆದರೂ ಹೇಳುತ್ತಿದ್ದೇನೆ.)

330ರ ನಿಯಮವನ್ನು ಎಷ್ಟು ಬಿಗಿಯಾಗಿ ನೋಡುತ್ತಿದ್ದರು ಅನ್ನುವುದಕ್ಕೆ ಒಂದು ತಮಾಷೆ ಇದೆ. ಪಾಂಟಿಯಾಕ್‌ನ 326 ಎಂಜಿನ್ 1963ರಲ್ಲಿ ನಿಜಕ್ಕೂ 336 ಕ್ಯೂಬಿಕ್ ಇಂಚು ಇತ್ತು. ಹೆಸರಿಗೆ ಮಾತ್ರ 326. 1964ಕ್ಕೆ ಸಿಲಿಂಡರಿನ ಬೋರ್ (ಒಳಗಿನ ಅಗಲ) ಚಿಕ್ಕದು ಮಾಡಿ ನಿಜವಾದ 326ಕ್ಕೆ ಇಳಿಸಿದರು. ಅದೇ ವರ್ಷ ಅದೇ ವಿಭಾಗ ಆಪ್ಷನ್ ಪಟ್ಟಿಯಲ್ಲಿ 389 ತೂರಿಸಿತು! ಆರು ಇಂಚು ಜಾಸ್ತಿ ಅಂತ ತಿದ್ದಿದವರು ಐವತ್ತೊಂಬತ್ತು ಇಂಚು ಜಾಸ್ತಿ ಮಾರಿದರು.

ಈಗ ಮಾರಾಟದ ಲೆಕ್ಕ. ಪಾಂಟಿಯಾಕ್‌ನ ಮಾರಾಟ ಮುಖ್ಯಸ್ಥ ಫ್ರಾಂಕ್ ಬ್ರಿಜ್ ಅವರಿಗೆ ಈ ಕಾರಿನ ಮೇಲೆ ನಂಬಿಕೆ ಇರಲಿಲ್ಲ. 5000 ಗಾಡಿಗೆ ಮಾತ್ರ ಒಪ್ಪಿದರು. ಆ ವರ್ಷ ಹೋಗಿದ್ದು 32,450. 1965ರಲ್ಲಿ 75,352. 1966ರಲ್ಲಿ ಜಿಟಿಒ ಸ್ವಂತ ಮಾಡೆಲ್ ಆಯಿತು, ಆಗ 96,946. ಇಷ್ಟಾದ ಮೇಲೆ ಮೇಲಿನವರು ನಿಯಮ ತೋರಿಸಿ ನಿಲ್ಲಿಸುತ್ತಾರೆಯೇ? ಅವರೇ ನಿಯಮವನ್ನು 400ಕ್ಕೆ ಏರಿಸಿದರು. ಓಲ್ಡ್ಸ್‌ಮೊಬೈಲ್ 442, ಬ್ಯುಯಿಕ್ ಗ್ರ್ಯಾನ್ ಸ್ಪೋರ್ಟ್, ಶೆವಿ ಶೆವೆಲ್ ಎಸ್‌ಎಸ್ 396 ಹೀಗೆ ಕಂಪನಿಯ ಉಳಿದ ವಿಭಾಗಗಳ ಕಾರುಗಳೆಲ್ಲ ಹಿಂದೆಯೇ ಬಂದವು. ಬ್ಯುಯಿಕ್‌ನವರದ್ದು 401 ಎಂಜಿನ್. ಒಂದು ಇಂಚಿಗೆ ಯಾಕೆ ತಕರಾರು ಅಂತ 400 ಎಂದೇ ಕರೆದರು.

ಮಸ್ಟ್ಯಾಂಗ್ ಮಂಜ:

ಎಲ್ಲ ಸರಿ, ಫೋರ್ಡ್ ಎಲ್ಲಿ? ಲೀ ಐಯಕೋಕ ಹೆಸರೇ ಬಂದಿಲ್ಲ. 1964ರ ಏಪ್ರಿಲ್ 17ಕ್ಕೆ ಮಸ್ಟ್ಯಾಂಗ್ ಬಂತು. ಮೊದಲ ದಿನವೇ 22,000 ಆರ್ಡರ್. ಎರಡು ವರ್ಷದೊಳಗೆ ಹತ್ತು ಲಕ್ಷ. ಯುವಕರಿಗೆ ಕಾರು ಮಾರುವುದು ಹೇಗೆ ಅಂತ ತೋರಿಸಿಕೊಟ್ಟವರು ಐಯಕೋಕ. ಜಿಟಿಒದ ಮೂವತ್ತು ಸಾವಿರ ಇದರ ಮುಂದೆ ಯಾವ ಲೆಕ್ಕ ಗುರೂ?

ಕಾರ್ಬುರೇಟರ್ ಕಿಟ್ಟಿ:

ಮಂಜ, ಮಸ್ಟ್ಯಾಂಗ್ ದೊಡ್ಡ ಕಾರೇ, ಯಾರೂ ಇಲ್ಲ ಅನ್ನಲ್ಲ. ಆದರೆ ಅದು ಬೇರೆ ಜಾತಿ. ಫೋರ್ಡ್ ಫಾಲ್ಕನ್ ಅನ್ನುವ ಸಾದಾ ಕಾರಿನ ಮೇಲೆ ಚೆಂದದ ಬಾಡಿ ಕೂರಿಸಿ ಕಡಿಮೆ ಬೆಲೆಗೆ ಕೊಟ್ಟಿದ್ದು. ಮೊದಲ ಮಸ್ಟ್ಯಾಂಗ್‌ಗಳಲ್ಲಿ ಬಹಳಷ್ಟು ಆರು ಸಿಲಿಂಡರಿನವು. ಅದನ್ನು ಪೋನಿ ಕಾರ್ ಅಂತಾರೆ. ಮಸಲ್ ಕಾರ್ ಅಂದರೆ ಮಧ್ಯಮ ಗಾತ್ರದ ಗಾಡಿ, ದೊಡ್ಡ ಕಾರಿನ ಎಂಜಿನ್.

ಫೋರ್ಡ್ ಹತ್ತಿರ ಆ ಜಾತಿಯದ್ದೂ ಇತ್ತು. 1964ರ ಥಂಡರ್‌ಬೋಲ್ಟ್. ಫೇರ್‌ಲೇನ್ ಬಾಡಿಗೆ 427 ಎಂಜಿನ್ ತುರುಕಿದ್ದರು. ಸುಮಾರು ನೂರು ಮಾಡಿದರು, ಅದೂ ಡ್ರ್ಯಾಗ್ ರೇಸಿಗೆ, ಅಂದರೆ ನೇರ ದಾರಿಯಲ್ಲಿ ಎರಡೆರಡು ಕಾರು ಓಡುವ ಪಂದ್ಯಕ್ಕೆ. ಮಾರ್ಕೆಟ್ಟಿಗೆ ಹೋಗಿ ತರಕಾರಿ ತರುವ ಕಾರಲ್ಲ ಅದು. ಜಿಟಿಒದಲ್ಲಿ ವಾರವೆಲ್ಲ ಕೆಲಸಕ್ಕೆ ಹೋಗಿ ಶನಿವಾರ ರಾತ್ರಿ ವುಡ್‌ವರ್ಡ್‌ಗೆ ಹೋಗಬಹುದಿತ್ತು.

ಈಗ ನನ್ನ ಅಸಲಿ ತಕರಾರು ಹೇಳುತ್ತೇನೆ. ಜಿಟಿಒ ಅಷ್ಟು ಮಾರಾಟ ಆಗಿದ್ದಕ್ಕೆ ಡಿಲೋರಿಯನ್‌ಗಿಂತ ಜಾಸ್ತಿ ಹೆಸರು ಸಲ್ಲಬೇಕಾದ್ದು ಜಿಮ್ ವ್ಯಾಂಗರ್ಸ್ ಅವರಿಗೆ. ಪಾಂಟಿಯಾಕ್‌ನ ಜಾಹೀರಾತು ಕಂಪನಿಯಲ್ಲಿದ್ದವರು. ಸುಮ್ನೆ ಮೇಜಿನ ಹಿಂದೆ ಕೂತು ಬರೆಯುವ ಆಸಾಮಿ ಅಲ್ಲ. 1960ರಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಡ್ರ್ಯಾಗ್ ರೇಸ್ ನ್ಯಾಷನಲ್ಸ್‌ನಲ್ಲಿ ಪಾಂಟಿಯಾಕ್ ಓಡಿಸಿ ಪ್ರಶಸ್ತಿ ಗೆದ್ದವರು. ಪಕ್ಕದ ರಾಯಲ್ ಓಕ್ ಊರಿನ ರಾಯಲ್ ಪಾಂಟಿಯಾಕ್ ಅನ್ನುವ ಡೀಲರ್ ಜೊತೆ ಸೇರಿ, ಷೋರೂಮ್‌ನಿಂದ ಹೊರಟ ಕಾರನ್ನೇ ಟ್ಯೂನ್ ಮಾಡಿ ಇನ್ನಷ್ಟು ಪಿಕಪ್ ಬರಿಸುವ ಕಿಟ್ ಮಾರಿದರು. ರಾಯಲ್ ಬಾಬ್‌ಕ್ಯಾಟ್ ಅಂತ ಅದರ ಹೆಸರು. ಕಂಪನಿಗೆ ರೇಸ್ ನಿಷೇಧ, ಆದರೆ ಡೀಲರಿಗೆ ಯಾರು ಬೇಡ ಅಂದರು?

1964ರ ಮಾರ್ಚ್‌ನಲ್ಲಿ ಕಾರ್ ಆಂಡ್ ಡ್ರೈವರ್ ಪತ್ರಿಕೆ ಪಾಂಟಿಯಾಕ್ ಜಿಟಿಒ ಮತ್ತು ಫೆರಾರಿ ಜಿಟಿಒ ಎರಡನ್ನೂ ಮುಖಪುಟದಲ್ಲಿ ಎದುರುಬದುರು ಹಾಕಿತು. ಚಿತ್ರ ಬಿಡಿಸಿದ್ದು, ಫೋಟೋ ಅಲ್ಲ. ಯಾಕೆಂದರೆ ಎರಡು ಕಾರುಗಳು ಒಂದೇ ಟ್ರ್ಯಾಕಿನಲ್ಲಿ ಸೇರಲೇ ಇಲ್ಲ! ಪಾಂಟಿಯಾಕ್ ಸೊನ್ನೆಯಿಂದ ಗಂಟೆಗೆ 60 ಮೈಲಿಗೆ 4.6 ಸೆಕೆಂಡಿನಲ್ಲಿ ಹೋಯಿತು ಅಂತ ಬರೆದರು. ಎಷ್ಟೋ ವರ್ಷಗಳ ಮೇಲೆ ವ್ಯಾಂಗರ್ಸ್ ಅವರೇ ಗುಟ್ಟು ಬಿಟ್ಟರು. ಆ ಗಾಡಿಯಲ್ಲಿ ಇದ್ದದ್ದು 389 ಅಲ್ಲ, 421. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಯಾರಿಗೂ ಗೊತ್ತಾಗಲಿಲ್ಲ.

ಇದು ಸರಿನಾ ತಪ್ಪಾ ಬೇರೆ ಮಾತು. ದೇಶದ ಹುಡುಗರ ತಲೆಗೆ ಆ ಮೂರು ಅಕ್ಷರ ಹೊಕ್ಕಿದ್ದು ಹೀಗೆ. ಅದೇ ವರ್ಷ ಈ ಕಾರಿನ ಮೇಲೆ ಒಂದು ಪಾಪ್ ಹಾಡೂ ಬಂದು ರೇಡಿಯೋದಲ್ಲಿ ಜೋರಾಗಿ ಓಡಿತು.

ಕಾಂಟೆಸ್ಸಾ ಕುಮಾರ್:

ನಮ್ಮ ಇಂಡಿಯಾದ ಮಸಲ್ ಕಾರ್ ಹಿಂದುಸ್ತಾನ್ ಕಾಂಟೆಸ್ಸಾ ಬಗ್ಗೆ ಯಾರೂ ಮಾತಾಡಲ್ವಾ? ಉದ್ದ ಬಾನೆಟ್, ಅಗಲ ಮುಖ. ಅದೂ ಮೂಲದಲ್ಲಿ ಜನರಲ್ ಮೋಟರ್ಸ್‌ನದ್ದೇ, ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್.

ನಿರ್ವಾಹಕ:

ಕುಮಾರ್, ಕಾಂಟೆಸ್ಸಾ ಮೇಲೆ ನಮಗೂ ಪ್ರೀತಿ ಇದೆ. ಆದರೆ 1.8 ಲೀಟರ್ ಇಸುಜು ಎಂಜಿನ್ನಿನ ಗಾಡಿಯನ್ನು ಈ ಎಳೆಗೆ ತಂದರೆ ಕಿಟ್ಟಿ ಅವರು ಕೇಳಲ್ಲ. ಅದಕ್ಕೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ.

ಹಳೇಗಾಡಿ:

ವ್ಯಾಂಗರ್ಸ್ ಬಗ್ಗೆ ಕಿಟ್ಟಿ ಸರ್ ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇಲ್ಲ. ಆದರೆ ಅವರು ಮಾರಿದ್ದು ಇದ್ದ ಕಾರನ್ನು. ಕಾರು ಇರುವಂತೆ ಮಾಡಿದ್ದು ಯಾರು ಅನ್ನುವುದು ನನ್ನ ಪ್ರಶ್ನೆ. ಅದಕ್ಕೆ ಇನ್ನೂ ಎಂಟು ವರ್ಷ ಹಿಂದಕ್ಕೆ ಹೋಗಬೇಕು.

1956ರಲ್ಲಿ ಪಾಂಟಿಯಾಕ್ ಮುದುಕರ ಕಾರು. ನಂಬಿಕಸ್ಥ ಗಾಡಿ, ಆದರೆ ಚಿಕ್ಕವರು ಯಾರೂ ಮುಟ್ಟುತ್ತಿರಲಿಲ್ಲ. ಆ ವರ್ಷ ಬಂಕಿ ನೂಡ್ಸನ್ ಅದರ ಮುಖ್ಯಸ್ಥರಾದರು. ವಯಸ್ಸು 43. ಅವರ ಅಪ್ಪ ಒಂದು ಕಾಲಕ್ಕೆ ಜನರಲ್ ಮೋಟರ್ಸ್‌ನ ಅಧ್ಯಕ್ಷರಾಗಿದ್ದವರು. ಪಾಂಟಿಯಾಕ್ ಕಾರುಗಳ ಬಾನೆಟ್ ಮೇಲೆ ವರ್ಷಗಳಿಂದ ಬೆಳ್ಳಿ ಬಣ್ಣದ ಪಟ್ಟಿಗಳಿರುತ್ತಿದ್ದವು. ಅದೇ ಬ್ರ್ಯಾಂಡಿನ ಗುರುತು. ನೂಡ್ಸನ್ ಬಂದವರೇ 1957ರ ಕಾರಿನಿಂದ ಅದನ್ನು ಕಿತ್ತು ಹಾಕಿಸಿದರು. ಉತ್ಪಾದನೆ ಶುರುವಾಗಲು ಕೆಲವೇ ವಾರ ಇತ್ತು. ಮುದುಕರಿಗೆ ಯುವಕರ ಕಾರು ಮಾರಬಹುದು, ಯುವಕರಿಗೆ ಮುದುಕರ ಕಾರು ಮಾರಲಾಗದು ಅನ್ನುವ ಮಾತು ಅವರ ಹೆಸರಿನಲ್ಲೇ ಓಡಾಡುತ್ತೆ.

ಪೀಟ್ ಎಸ್ಟಿಸ್ ಅವರನ್ನು ಓಲ್ಡ್ಸ್‌ಮೊಬೈಲ್‌ನಿಂದ ಕರೆಸಿ ಮುಖ್ಯ ಎಂಜಿನಿಯರ್ ಮಾಡಿದರು. ಪ್ಯಾಕರ್ಡ್ ಕಂಪನಿ ಕುಸಿಯುತ್ತಿದ್ದ ಹೊತ್ತಿನಲ್ಲಿ ಅಲ್ಲಿಂದ 31ರ ಹುಡುಗ ಡಿಲೋರಿಯನ್ ಅವರನ್ನು ಎತ್ತಿಕೊಂಡರು. ಡಿಲೋರಿಯನ್ ಡೆಟ್ರಾಯಿಟ್‌ನಲ್ಲೇ ಹುಟ್ಟಿದವರು. ಅಪ್ಪ ರೊಮೇನಿಯಾದಿಂದ ವಲಸೆ ಬಂದು ಫೋರ್ಡ್‌ನ ಎರಕದ ಶಾಲೆಯಲ್ಲಿ ದುಡಿದ ಕಾರ್ಮಿಕ. 1959ಕ್ಕೆ ಚಕ್ರಗಳನ್ನು ಆಚೆ ಸರಿಸಿದ ಅಗಲದ ಪಾಂಟಿಯಾಕ್ ಬಂತು. 1962ರ ಹೊತ್ತಿಗೆ ಮಾರಾಟದಲ್ಲಿ ಅಮೆರಿಕಕ್ಕೆ ಮೂರನೇ ಸ್ಥಾನ.

ಹಾಗಾಗಿ 1963ರಲ್ಲಿ ಡಿಲೋರಿಯನ್ ಹೂಂ ಅಂದಾಗ ಅವರ ಮೇಲಿದ್ದದ್ದು, ಆ ಹೊತ್ತಿಗೆ ಪಾಂಟಿಯಾಕ್ ಮುಖ್ಯಸ್ಥರಾಗಿದ್ದ ಎಸ್ಟಿಸ್. ನಿಯಮದ ಸಂದಿಯಲ್ಲಿ ನುಗ್ಗಿ ಕಾರು ಮಾರಲು ಒಪ್ಪಿಗೆ ಕೊಟ್ಟು ಕೊರಳು ಒಡ್ಡಿದವರು ಅವರು. ಸಿಕ್ಕಿಬಿದ್ದಿದ್ದರೆ ಮೊದಲು ಅವರ ಕೆಲಸ ಹೋಗುತ್ತಿತ್ತು. ಡಿಲೋರಿಯನ್ ನಡುವಿನ ಮೆಟ್ಟಿಲಿನ ಮನುಷ್ಯ. ಕೆಳಗೆ ಕಾರಿನಡಿ ನಿಂತ ಕಾಲಿನ್ಸ್ ಆಡಿದ ಮಾತಿನ ಬೆಲೆ ಅವರಿಗೆ ತಕ್ಷಣ ಹೊಳೆಯಿತು, ಅದನ್ನು ಮೇಲೆ ಯಾವ ರೂಪದಲ್ಲಿ ಒಯ್ದರೆ ಪಾಸಾಗುತ್ತೆ ಅನ್ನುವುದೂ ಗೊತ್ತಿತ್ತು. ಈ ಎರಡೂ ಒಬ್ಬರಲ್ಲೇ ಇರುವುದು ಅಪರೂಪ. ದೊಡ್ಡ ಕಂಪನಿಯಲ್ಲಿ ಕೆಲಸ ಮಾಡಿದವರಿಗೆ ಇದು ಅರ್ಥವಾಗುತ್ತೆ.

ಸುಮಾ ಬಿ:

ದೊಡ್ಡ ಕಂಪನಿಯಲ್ಲೇ ಇದ್ದೇನೆ, ಚೆನ್ನಾಗಿ ಅರ್ಥವಾಯಿತು. :) ಆದರೆ ಒಂದು ವಿಷಯ ಯಾರೂ ಎತ್ತಿಲ್ಲ. ಹದಿನೆಂಟು, ಇಪ್ಪತ್ತರ ಹುಡುಗರ ಕೈಗೆ 348 ಎಚ್‌ಪಿ ಕೊಟ್ಟರು. ನಿಲ್ಲಿಸುವುದಕ್ಕೆ ಏನು ಕೊಟ್ಟರು? ವಾಸು ಅವರೇ, ನೀವು ನೋಡಿದ ಗಾಡಿಯ ಬ್ರೇಕ್ ಹೇಗಿತ್ತು?

ವುಡ್‌ವರ್ಡ್ ವಾಸು:

ಮೇಡಂ, ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಒಂಬತ್ತೂವರೆ ಇಂಚಿನದ್ದು. ಸಾದಾ ಟೆಂಪೆಸ್ಟ್‌ಗೆ ಇದ್ದದ್ದೇ. ಜೋರಾಗಿ ಹೋಗುತ್ತಾ ಎರಡು ಮೂರು ಸಲ ಗಟ್ಟಿಯಾಗಿ ಒತ್ತಿದರೆ ಡ್ರಮ್ ಕಾದು ಹಿಡಿತ ಹೋಗುತ್ತೆ. ಆ ಯಜಮಾನರೂ ಅದನ್ನೇ ಹೇಳಿದರು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂದಿದ್ದು 1967ರಲ್ಲಿ, ಅದೂ ದುಡ್ಡು ಜಾಸ್ತಿ ಕೊಟ್ಟರೆ. ಆಪ್ಷನ್ ಪಟ್ಟಿಯ ಉಪಾಯದಲ್ಲಿ ಅಷ್ಟು ಬುದ್ಧಿ ಓಡಿಸಿದವರು ಬ್ರೇಕಿಗೆ ಓಡಿಸಲಿಲ್ಲ ಅನ್ನುವುದು ನನಗೂ ಕಸಿವಿಸಿಯೇ.

ಮಸ್ಟ್ಯಾಂಗ್ ಮಂಜ:

ಅಷ್ಟು ಜೋರಾಗಿ ಬಂದದ್ದು ಅಷ್ಟೇ ಬೇಗ ಯಾಕೆ ಮಾಯವಾಯಿತು? ಪೆಟ್ರೋಲ್ ರೇಟಿನಿಂದ ತಾನೆ?

ಲೆಕ್ಕದ ಮೇಷ್ಟ್ರು:

ಮಂಜ, ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ತೈಲ ಬಿಕ್ಕಟ್ಟು ಬಂದಿದ್ದು 1973ರ ಅಕ್ಟೋಬರ್‌ನಲ್ಲಿ. ಜಿಟಿಒ ಅದಕ್ಕೆ ಮುಂಚೆಯೇ ಬಿದ್ದಿತ್ತು. 1970ರಲ್ಲಿ 40,149 ಕಾರು. 1971ರಲ್ಲಿ 10,532. 1972ರಲ್ಲಿ 5807. ಅಂಕಿ ನೋಡಿ, ಅರಬ್ ದೇಶಗಳು ನಲ್ಲಿ ತಿರುಗಿಸುವ ಮೊದಲೇ ಕಥೆ ಮುಗಿದಿದೆ.

ನಿಜವಾದ ಹೊಡೆತ ವಿಮೆಯದ್ದು. ವಿಮಾ ಕಂಪನಿಗಳು ಎಚ್‌ಪಿ ಮತ್ತು ತೂಕದ ಲೆಕ್ಕ ಹಾಕಿ, ಇಂಥ ಕಾರು ಇಟ್ಟುಕೊಂಡ ಚಿಕ್ಕ ವಯಸ್ಸಿನವರಿಗೆ ಪ್ರೀಮಿಯಂ ವಿಪರೀತ ಏರಿಸಿದವು. ಕಾರಿನ ಕಂತು ಕಟ್ಟಬಲ್ಲ ಹುಡುಗನಿಗೆ ವಿಮೆ ಕಟ್ಟಲಾಗಲಿಲ್ಲ. ಅದರ ಜೊತೆ 1970ರ ಶುದ್ಧ ಗಾಳಿ ಕಾಯ್ದೆ ಬಂತು. ಕಡಿಮೆ ಸೀಸದ ಸಾಮಾನ್ಯ ಪೆಟ್ರೋಲಿನಲ್ಲಿ ಓಡುವ ಹಾಗೆ 1971ರಿಂದ ಎಲ್ಲ ಎಂಜಿನ್ನುಗಳ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ) ಇಳಿಸಿ ಅಂತ ಜನರಲ್ ಮೋಟರ್ಸ್ ಹೇಳಿತು. ಜಿಟಿಒದ 400 ಎಂಜಿನ್ 350 ಎಚ್‌ಪಿಯಿಂದ 300ಕ್ಕೆ ಇಳಿಯಿತು. ಮುಂದಿನ ವರ್ಷ ಅಳೆಯುವ ಪದ್ಧತಿಯೇ ಬದಲಾಯಿತು. ಬಿಡಿ ಎಂಜಿನ್ನನ್ನು ಸ್ಟ್ಯಾಂಡ್ ಮೇಲಿಟ್ಟು ಅಳೆಯುವ ಬದಲು ಸೈಲೆನ್ಸರ್, ಫ್ಯಾನು, ಬೆಲ್ಟು ಎಲ್ಲ ಹಾಕಿ ಅಳೆದರು. ಅಂಕಿ ಇನ್ನೂ ಕೆಳಗೆ ಹೋಯಿತು. ಅರವತ್ತರ ದಶಕದ ಎಚ್‌ಪಿಯನ್ನು ಈಗಿನ ಕಾರಿನ ಎಚ್‌ಪಿಗೆ ನೇರವಾಗಿ ಹೋಲಿಸಬಾರದು ಅನ್ನುವುದು ಇದಕ್ಕೇ.

1974ರ ಜಿಟಿಒ ಚಿಕ್ಕ ವೆಂಚುರಾ ಕಾರಿನ ಮೇಲೆ ಕಟ್ಟಿದ್ದು. ಆ ಕಾಲದ ಜಿಟಿಒಗೆ ಅದೇ ಕೊನೆ. 2004ರಲ್ಲಿ ಹೆಸರು ಮಾತ್ರ ಕೆಲ ಕಾಲ ಮತ್ತೆ ಬಂತು. ಪಾಂಟಿಯಾಕ್ ಬ್ರ್ಯಾಂಡನ್ನೇ 2010ರಲ್ಲಿ ಮುಚ್ಚಿದರು.

ಕಾರ್ಬುರೇಟರ್ ಕಿಟ್ಟಿ:

ಡಿಲೋರಿಯನ್ ಅಷ್ಟೊತ್ತಿಗೆ ಜಾಗ ಖಾಲಿ ಮಾಡಿದ್ದರು. 1965ರಲ್ಲಿ, 40ನೇ ವಯಸ್ಸಿಗೇ ಪಾಂಟಿಯಾಕ್ ಮುಖ್ಯಸ್ಥ. 1969ರಲ್ಲಿ ಶೆವ್ರಲೆ ವಿಭಾಗದ ಮುಖ್ಯಸ್ಥ. ಉದ್ದ ಕೂದಲು, ಬಣ್ಣದ ಅಂಗಿ. ಬೂದು ಸೂಟಿನ ಆ ಕಚೇರಿಗೆ ಮನುಷ್ಯ ಹೊಂದಲೇ ಇಲ್ಲ. 1973ರಲ್ಲಿ ರಾಜೀನಾಮೆ. ಆಮೇಲೆ ಸ್ವಂತ ಕಂಪನಿ, ಉತ್ತರ ಐರ್ಲೆಂಡಿನಲ್ಲಿ ಫ್ಯಾಕ್ಟರಿ, ಸ್ಟೇನ್‌ಲೆಸ್ ಸ್ಟೀಲ್ ಬಾಡಿಯ ಡಿಎಂಸಿ-12. 1982ರಲ್ಲಿ ಕೊಕೇನ್ ಕೇಸಿನಲ್ಲಿ ಬಂಧನ, 1984ರಲ್ಲಿ ನಿರ್ದೋಷಿ ಅಂತ ಬಿಡುಗಡೆ. ಜನಕ್ಕೆ ನೆನಪಿರುವುದು ಈ ಭಾಗ ಮಾತ್ರ, ಜೊತೆಗೆ 'ಬ್ಯಾಕ್ ಟು ದ ಫ್ಯೂಚರ್' ಸಿನಿಮಾದಲ್ಲಿ ಬಂದ ಆ ಕಾರು.

ಸುಮಾ ಬಿ:

ಆ ಸಿನಿಮಾ ಕಾರು ಇವರದ್ದೇನಾ! ಹಾಗಾದರೆ ಅದರಲ್ಲೂ ದೊಡ್ಡ ಎಂಜಿನ್ ಇತ್ತಾ?

ವುಡ್‌ವರ್ಡ್ ವಾಸು:

ಇಲ್ಲ ಮೇಡಂ, ಅಲ್ಲೇ ಇರೋದು ತಮಾಷೆ. 2.85 ಲೀಟರಿನ ವಿ6. ಪೂಜೋ, ರೆನೋ, ವೋಲ್ವೋ ಮೂವರೂ ಸೇರಿ ಮಾಡಿದ್ದು. ಅಮೆರಿಕಕ್ಕೆ ಬಂದ ಗಾಡಿಗಳಲ್ಲಿ 130 ಎಚ್‌ಪಿ. ನೋಡುವುದಕ್ಕೆ ವಿಮಾನ, ಪಿಕಪ್ ಸಾಧಾರಣ. ಸುಮಾರು 9000 ಮಾಡಿದರು.

ಹಳೇಗಾಡಿ ಅವರ ವಾದಕ್ಕೆ ಸಂಬಂಧಪಟ್ಟ ಒಂದು ವಿಷಯ ಇದೆ. ಆ ಕಂಪನಿಗೆ ಡಿಲೋರಿಯನ್ ಮೊದಲು ಕರೆಸಿಕೊಂಡ ಎಂಜಿನಿಯರ್ ಯಾರು ಗೊತ್ತಾ? ಮಿಲ್ಫರ್ಡ್‌ನಲ್ಲಿ ಕಾರಿನಡಿ ನಿಂತಿದ್ದ ಅದೇ ಬಿಲ್ ಕಾಲಿನ್ಸ್. 1974ರಲ್ಲಿ ಜನರಲ್ ಮೋಟರ್ಸ್ ಬಿಟ್ಟು ಬಂದು ಮೊದಲ ಮಾದರಿಗಳನ್ನು ಕಟ್ಟಿದ್ದು ಅವರು. ಆಮೇಲೆ ಡಿಲೋರಿಯನ್ ಕೆಲಸವನ್ನು ಇಂಗ್ಲೆಂಡಿನ ಲೋಟಸ್ ಕಂಪನಿಗೆ ಒಪ್ಪಿಸಿದರು. ಅವರು ಒಳಗಿನದ್ದೆಲ್ಲ ಬದಲಾಯಿಸಿದರು. ಕಾರು ಫ್ಯಾಕ್ಟರಿಯಿಂದ ಹೊರಬರುವ ಮೊದಲೇ, 1979ರಲ್ಲಿ ಕಾಲಿನ್ಸ್ ಕೆಲಸ ಬಿಟ್ಟರು.

ಹಳೇಗಾಡಿ:

ಕಾಲಿನ್ಸ್ ಅಲ್ಲೂ ಇದ್ದರು ಅನ್ನುವುದನ್ನು ನಾನೇ ಬರೆಯಬೇಕು ಅಂತಿದ್ದೆ, ವಾಸು ಮುಂಚೆ ಹೇಳಿಬಿಟ್ಟರು. ಪಾಂಟಿಯಾಕ್‌ನಲ್ಲಿ ಡಿಲೋರಿಯನ್ ಮೇಲೆ ಎಸ್ಟಿಸ್ ಇದ್ದರು, ಪಕ್ಕದಲ್ಲಿ 5000ಕ್ಕೆ ಮೇಲೆ ಬೇಡ ಅನ್ನುವ ಬ್ರಿಜ್ ಇದ್ದರು. ಅವರ ಸ್ವಂತ ಕಂಪನಿ ಡಿಎಂಸಿಯಲ್ಲಿ ಬೇಡ ಅನ್ನುವವರು ಯಾರೂ ಇರಲಿಲ್ಲ. ಕಾಲಿನ್ಸ್ ಬಿಟ್ಟು ಹೋದದ್ದು ಯಾಕೆ, ಲೋಟಸ್‌ನವರು ಏನೇನು ಬದಲಾಯಿಸಿದರು ಅನ್ನುವುದೇ ಒಂದು ದೊಡ್ಡ ಕಥೆ. ಡಿಎಂಸಿ-12ಕ್ಕೆ ಬೇರೆ ಎಳೆ ತೆರೆಯುತ್ತೇನೆ. ಕಿಟ್ಟಿ ಸರ್, ರಾಕೆಟ್ 88ರ ಎಂಜಿನ್ ಬಗ್ಗೆ ನೀವೂ ಒಂದು ಬರೆಯಿರಿ.

ಕಾರ್ಬುರೇಟರ್ ಕಿಟ್ಟಿ:

ಬರೆಯುತ್ತೇನೆ. ಆದರೆ ಅಪ್ಪನ ಪಟ್ಟ ಇನ್ನೂ ಓಲ್ಡ್ಸ್‌ಮೊಬೈಲ್‌ಗೇ.